ನಾಲೆಯ ನೀರೂ ನಾಡಿನ ಆರೋಗ್ಯವೂ



ಮಂಡ್ಯದಿಂದ ಕೆರಗೋಡಿನ ಕಡೆಗೆ ಹೊರಟವರಿಗೆ ದಾರಿಯ ಎರಡು ಬದಿಗಳಲ್ಲಿಯೂ ಕಾಣಸಿಗುವ ಕಬ್ಬಿನ ಗದ್ದೆ, ಬತ್ತದ ಬಯಲು, ಅವುಗಳ ನಡುವೆ ತಲೆಯೆತ್ತಿ ನಿಂತ ತೆಂಗಿನ ಸಾಲು, ಆಲೆಮನೆಯ ಹೊಗೆಯೊಡನೆ ಬೆರೆತು ಬರುವ ಬೆಲ್ಲದ ಕಂಪು, ಇವೆಲ್ಲವೂ ಈ ಸೀಮೆಯು ಆದಿಯಿಂದಲೂ ಹೀಗೆಯೇ ಹಸುರಾಗಿತ್ತೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ವಸ್ತುಸ್ಥಿತಿ ಹಾಗಿರಲಿಲ್ಲ. ಗಂಗರ ಕಾಲದ ಶಾಸನದಲ್ಲಿಯೇ ಒಂದು ನಾಡಿನ ಹೆಸರಾಗಿ ಕಾಣಿಸಿಕೊಳ್ಳುವಷ್ಟು ಪ್ರಾಚೀನವಾದ ಈ ಕೆರಗೋಡಿನ ಸುತ್ತಣ ನೆಲವು, ನೂರು ವರ್ಷಗಳ ಹಿಂದೆ, ಕೆರೆಯ ಹಿಂದಣ ಒಂದಿಷ್ಟು ಗದ್ದೆಯನ್ನು ಬಿಟ್ಟರೆ, ಮಳೆಯ ಮೋರೆಯನ್ನೇ ನೋಡುತ್ತ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳುಗಳನ್ನು ಬೆಳೆದುಕೊಂಡು, ಬೆಳೆದುದನ್ನೇ ಉಂಡು ಬಾಳುತ್ತಿದ್ದ ಹೊಲದ ನೆಲ. ಈ ನೆಲದಲ್ಲಿ ಆರೋಗ್ಯವು ಹೇಗೆ ಬಂದಿತು, ಹೇಗೆ ಹೋಯಿತು, ಮತ್ತೆ ಅದನ್ನು ಬರಮಾಡಿಕೊಳ್ಳುವ ಬಗೆ ಯಾವುದು ಎಂಬ ವಿಷಯವನ್ನು ತಮ್ಮ ಮುಂದೆ ಇಡಬೇಕೆಂದು ನಾನು ಈ ಹೊತ್ತು ಬಾನುಲಿಯ ಮುಂದೆ ಕುಳಿತಿದ್ದೇನೆ.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಾರ್ಯವು ಎರಡು ದಶಕಗಳ ಕಾಲ ನಡೆದು, 1930ರ ದಶಕದ ಆರಂಭದಲ್ಲಿ, ಹುಲಿಕೆರೆಯ ಸುರಂಗದ ಮೂಲಕ ಹರಿದ ಕಾವೇರಿಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಇಳಿಯಿತು. ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ, ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಈ ಕಾಲುವೆಯಿಂದ ಲಕ್ಷಕ್ಕೂ ಮಿಕ್ಕ ಎಕರೆ ಭೂಮಿ ತರಿಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಹೆಂಚಿನ ಮನೆಗಳು ಎದ್ದುವು, ಶಾಲೆಗಳು ತೆರೆದುವು, ಹಸಿದ ಹೊಟ್ಟೆಗಳು ತುಂಬಿದುವು. ಈ ನಾಲೆಯ ಋಣವನ್ನು ಈ ಸೀಮೆಯಲ್ಲಿ ಹುಟ್ಟಿದ ಯಾರೂ ಮರೆಯಲಾರರು, ನಾನಂತೂ ಮರೆಯಲಾರೆ.

ಆದರೆ ನೀರಿನ ಬೆನ್ನಿಗೇ ಇನ್ನೊಂದು ಬಂದಿತು. ನಮ್ಮ ಅಜ್ಜಿ ಆ ಕಾಲವನ್ನು ನೆನೆದಾಗಲೆಲ್ಲ, "ನೀರೂ ಬಂತು ಕಣ್ಮಗ, ಚಳಿಜ್ವರವೂ ಬಂತು" ಎನ್ನುತ್ತಿದ್ದಳು. ಮಧ್ಯಾಹ್ನದ ಬಿಸಿಲಿನಲ್ಲಿಯೇ ಹಲ್ಲು ಕಟಕಟಿಸುವಂತೆ ನಡುಕ ಹತ್ತಿ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರೂ ನಿಲ್ಲದೆ, ಆಮೇಲೆ ಮೈಯೆಲ್ಲ ಕೆಂಡವಾಗಿ, ಕೊನೆಗೆ ಬೆವರಿ ಬಸವಳಿದು, ಒಂದು ದಿನ ಬಿಟ್ಟು ಒಂದು ದಿನ ಮರುಕಳಿಸುತ್ತಿದ್ದ ಆ ಜ್ವರವು, ನಾಟಿಯ ಕಾಲದಲ್ಲಿಯೇ ಆಳುಗಳನ್ನು ಹಾಸಿಗೆಗೆ ಕೆಡವುತ್ತಿತ್ತು. ಮಕ್ಕಳ ಎಡಪಕ್ಕೆಯಲ್ಲಿ ಜ್ವರಗಡ್ಡೆ ಬೆಳೆದು, ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಗುಡಾಣವಾಗುತ್ತಿತ್ತು. ಒಂದು ಊರಿನಲ್ಲಿ ಮಲೇರಿಯಾ ಎಷ್ಟರಮಟ್ಟಿಗೆ ಹರಡಿದೆಯೆಂದು ತಿಳಿಯುವುದಕ್ಕೆ ಅಂದಿನ ವೈದ್ಯರು ಅನುಸರಿಸುತ್ತಿದ್ದ ಕ್ರಮವೂ ಇದೇ ಆಗಿತ್ತು: ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಪಕ್ಕೆಯನ್ನೂ ಬೆರಳಿನಿಂದ ಒತ್ತಿ ನೋಡಿ, ನೂರಕ್ಕೆ ಎಷ್ಟು ಮಂದಿಗೆ ಗಡ್ಡೆಯಿದೆಯೆಂದು ಬರೆದುಕೊಳ್ಳುತ್ತಿದ್ದರು. ನಾಲೆಯು ತಂದ ಧಾನ್ಯವನ್ನು ಅಳೆಯಲು ಕೊಳಗವಿದ್ದಂತೆ, ನಾಲೆಯು ತಂದ ರೋಗವನ್ನು ಅಳೆಯಲು ಮಕ್ಕಳ ಒಡಲು ಇದ್ದಿತು.

ಈ ರೋಗದ ಗುಟ್ಟು ಬಯಲಾದ ಕಥೆಗೆ ನಮ್ಮ ನಾಡಿನ ನಂಟೂ ಉಂಟು. ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರುವುದನ್ನು ಕಂಡು ಹುಡುಕಿ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಅವುಗಳ ಮರಿಗಳು ಮಿಜಿಗುಟ್ಟುತ್ತಿರುವುದನ್ನು ನೋಡಿ, ಆ ತೊಟ್ಟಿಯನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಕಡಿಮೆಯಾದುವು. ಆ ಸೊಳ್ಳೆಗೂ ಜ್ವರಕ್ಕೂ ಸಂಬಂಧವುಂಟೆಂಬುದು ಅವನಿಗೆ ಆಗ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷಗಳ ಅನಂತರ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಅವನು ಕಂಡನು. ಜಗತ್ತು ಎರಡನೆಯದನ್ನು ಕೊಂಡಾಡುತ್ತದೆ, ಅದು ಯುಕ್ತವೇ. ನನಗಾದರೋ ಮೊದಲನೆಯದೇ ಹೆಚ್ಚು ಪ್ರಿಯ. ರೋಗದ ಹೆಸರು ತಿಳಿಯುವುದಕ್ಕೂ ಮುಂಚೆ, ಮದ್ದಿನ ಗೊಡವೆಯಿಲ್ಲದೆ, ಒಂದು ತೊಟ್ಟಿಯ ನೀರನ್ನು ಚೆಲ್ಲಿದ ಆ ಕೈಯ ಕೆಲಸದಲ್ಲಿ ಆರೋಗ್ಯ ರಕ್ಷಣೆಯ ಸಾರವೆಲ್ಲವೂ ಅಡಗಿದೆ.

ಮೈಸೂರು ಸರ್ಕಾರವು ಈ ದಾರಿಯನ್ನು ಬಹು ಬೇಗ ಹಿಡಿಯಿತು. 1920ರ ದಶಕದ ಕೊನೆಯಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರವನ್ನು ಪಡೆದು, ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿಯೂ, ದೂರದ ಮೂಡಿಗೆರೆ, ಹಿರಿಯೂರುಗಳಲ್ಲಿಯೂ ಮಲೇರಿಯಾದ ಅಧ್ಯಯನ ಕೇಂದ್ರಗಳನ್ನು ತೆರೆದುದಲ್ಲದೆ, ಮಂಡ್ಯದಲ್ಲಿ ಗ್ರಾಮಾಂತರಕ್ಕೆಂದೇ ಒಂದು ಆರೋಗ್ಯ ಘಟಕವನ್ನು ಸ್ಥಾಪಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಹಳ್ಳಿಗೂ ಬೇಕೆಂದು ಭೋರ್ ಸಮಿತಿಯು ಇಡೀ ಭಾರತಕ್ಕೆ ಹೇಳಿದುದು 1946ರಲ್ಲಿ; ಅದಕ್ಕೆ ಹದಿನೈದು ವರ್ಷಗಳಿಗೂ ಮೊದಲೇ ಮಂಡ್ಯದ ರೈತನ ಬಾಗಿಲಿಗೆ ಆರೋಗ್ಯ ಪರೀಕ್ಷಕರು ಬಂದಿದ್ದರು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಸ್ವೀಟ್ ಎಂಬ ಅಮೆರಿಕದ ವಿದ್ವಾಂಸರೂ, ನಮ್ಮವರೇ ಆದ ರಾವ್ ಅವರೂ ಇಲ್ಲಿಯ ಸೊಳ್ಳೆಗಳನ್ನು ಹಿಡಿದು, ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, 1937ರಲ್ಲಿ ಅನಾಫಿಲಿಸ್ ಸೊಳ್ಳೆಯ ಒಂದು ಬಗೆಗೆ ಮೈಸೂರಿನ ಹೆಸರನ್ನೇ ಇಟ್ಟರು. ಯಾವ ಸೊಳ್ಳೆ ಜ್ವರವನ್ನು ತರುತ್ತದೆ, ಅದು ಎಂಥ ನೀರಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದು ತಿಳಿದಾಗ, ಮಾಡಬೇಕಾದುದೂ ತಿಳಿಯಿತು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ವಾರ ಹತ್ತು ದಿನ ಬೇಕಾಗುವುದರಿಂದ, ಅಷ್ಟರೊಳಗೆ ಒಮ್ಮೆ ಗದ್ದೆಯ ನೀರನ್ನು ಬಸಿದು ನೆಲವನ್ನು ಒಣಗಿಸಿದರೆ ಆ ಪೀಳಿಗೆಯೇ ನಾಶವಾಗುತ್ತದೆ. ಕಾಲುವೆಯ ಅಂಚಿನ ಕಳೆ ಕೀಳುವುದು, ಸೋರುವ ತೂಬನ್ನು ಬಿಗಿಮಾಡುವುದು, ಹಳ್ಳಗುಂಡಿಗಳನ್ನು ಮುಚ್ಚುವುದು, ಊರಿಗೆ ಅಂಟಿದಂತೆ ಬತ್ತದ ಗದ್ದೆ ಮಾಡದಿರುವುದು, ಬಾವಿಗೆ ಮೀನು ಬಿಡುವುದು, ಇವು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಚಿಕಿತ್ಸೆಯೆಂದು ಬರೆದಿರದ ಕೆಲಸಗಳು. ಇವನ್ನು ಮಾಡಬೇಕಾದವರು ಇಂಜಿನಿಯರು, ನೀರುಗಂಟಿ, ರೈತ, ಶಾಲೆಯ ಮೇಷ್ಟ್ರು. ಕ್ವಿನೈನಿನ ಕಹಿಯೂ ಬೇಕಾಗಿತ್ತು, ಸ್ವಾತಂತ್ರ್ಯಾನಂತರ 1953ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಡಿ.ಡಿ.ಟಿ. ಸಿಂಪಡಣೆಯೂ ಬೇಕಾಯಿತು, ಒಂದೊಂದೂ ತನ್ನ ಪಾಲಿನದನ್ನು ಮಾಡಿತು. ಜ್ವರವು ಹಿಮ್ಮೆಟ್ಟಿದುದು ಇವೆಲ್ಲವೂ ಕೂಡಿದಾಗ.

ಇಷ್ಟು ದೀರ್ಘವಾಗಿ ಹಳೆಯ ಕಥೆಯನ್ನು ಹೇಳಿದುದಕ್ಕೆ ಕಾರಣವಿದೆ. ಅದೇ ನಾಲೆ, ಅದೇ ನೀರು, ಅದೇ ಸಮೃದ್ಧಿಯು ಇಂದು ನಮ್ಮ ಮನೆಗಳಿಗೆ ಎರಡನೆಯ ಬಾರಿಗೆ ವ್ಯಾಧಿಯನ್ನು ತಂದಿದೆ, ಮತ್ತು ಈ ಬಾರಿ ಅದು ನಡುಕವನ್ನು ತರದೆ, ಬೆವರನ್ನು ತರದೆ, ಸದ್ದಿಲ್ಲದೆ ಬಂದು ಒಳಗೆ ಕುಳಿತಿದೆ. ನನ್ನ ಬಾಲ್ಯದಲ್ಲಿ ಸಕ್ಕರೆ ಕಾಯಿಲೆಯೆಂದರೆ ಪಟ್ಟಣದ ಸಾಹುಕಾರರಿಗೂ ಕುಳಿತು ಬರೆಯುವ ಗುಮಾಸ್ತರಿಗೂ ಬರುವ ರೋಗವೆಂದು ಹಳ್ಳಿಯವರು ತಿಳಿದಿದ್ದರು. ಈಗ ಕೆರಗೋಡಿನಂಥ ಹೋಬಳಿಯ ಊರುಗಳಲ್ಲಿ, ಅರಳಿಕಟ್ಟೆಯ ಮೇಲೆ ಕುಳಿತ ನಾಲ್ಕು ಮಂದಿಯಲ್ಲಿ ಒಬ್ಬರಾದರೂ "ನನಗೆ ಶುಗರ್ ಐತೆ, ಬಿ.ಪಿ. ಐತೆ" ಎನ್ನುವುದನ್ನು ನೆಂಟರ ಹೆಸರು ಹೇಳಿದಷ್ಟು ಸಹಜವಾಗಿ ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹದಿಮೂರು ಕೋಟಿಗೆ ಮೇಲ್ಪಟ್ಟಿದ್ದಾರೆ. ಹೊಸ್ತಿಲಲ್ಲಿ ನಿಂತವರ ಸಂಖ್ಯೆಯೇ ಒಳಗೆ ಹೋದವರ ಸಂಖ್ಯೆಗಿಂತ ಹೆಚ್ಚು ಎಂಬುದನ್ನು ದಯವಿಟ್ಟು ಗಮನಿಸಬೇಕು. ಅವರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕರೆತರಲು ಸಾಧ್ಯವೇ ಎಂಬುದೇ ಈ ಭಾಷಣದ ಪ್ರಶ್ನೆ.

ಮೊದಲು ಅನ್ನದ ಮಾತು. ನಾಲೆ ಬರುವ ಮುನ್ನ ಈ ಸೀಮೆಯಲ್ಲಿ ಅನ್ನವು ಹಬ್ಬದ ಊಟ. ನಿತ್ಯದ್ದು ರಾಗಿಯ ಮುದ್ದೆ, ಸೊಪ್ಪಿನ ಬಸ್ಸಾರು, ಉಪ್ಪೆಸರು, ಹುರುಳಿಯ ಕಟ್ಟು, ಬೇಸಗೆಯಲ್ಲಿ ಅಂಬಲಿ, ಮಜ್ಜಿಗೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಅಣ್ಣೆ, ಕೀರೆ, ಗೋಣಿಗಳನ್ನು ಕೂಡಿಸಿ ಬೆರಕೆಸೊಪ್ಪು ಮಾಡುವ ವಿದ್ಯೆ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಬತ್ತವು ಕಣದಲ್ಲಿ ರಾಶಿಬಿದ್ದಮೇಲೆ, ಮುದ್ದೆಯು ಬಡತನದ ಗುರುತೆಂದೂ ಬಿಳಿಯ ಅನ್ನವು ಮರ್ಯಾದೆಯೆಂದೂ ಭಾವನೆ ಬೆಳೆಯಿತು. ಒನಕೆಯ ಕೆಂಪಕ್ಕಿಯ ಬದಲು ಗಿರಣಿಯಲ್ಲಿ ತಿರುತಿರುಗಿ ಪಾಲಿಶ್ ಮಾಡಿದ ಅಕ್ಕಿ ಬಂದಿತು. ಅಕ್ಕಿಯ ಹೊರಪದರವನ್ನು ಹೀಗೆ ಉಜ್ಜಿ ತೆಗೆಯುವುದರಿಂದ ಏನಾಗುತ್ತದೆಂಬುದನ್ನು, 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಕೋಳಿಗಳಿಂದ ಕಲಿತನು. ಪಾಲಿಶ್ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳ ಕಾಲುಗಳು ಸ್ವಾಧೀನ ತಪ್ಪಿದುವು. ತೌಡುಸಹಿತವಾದ ಅಕ್ಕಿಯನ್ನು ಹಾಕಿದಾಗ ಅವೇ ಕೋಳಿಗಳು ಎದ್ದು ಓಡಾಡಿದುವು. ತೌಡನ್ನು ಎಮ್ಮೆಗೆ ಹಾಕಿ ಬಿಳಿಯದನ್ನು ಮಗುವಿಗೆ ಬಡಿಸುವ ನಮ್ಮ ಈಗಿನ ಕ್ರಮವನ್ನು ನೋಡಿದಾಗಲೆಲ್ಲ ನನಗೆ ಆ ಕೋಳಿಗಳ ನೆನಪಾಗುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ರಾಗಿಯಲ್ಲಿ ಅದು ಮುನ್ನೂರು ನಲವತ್ತಕ್ಕೂ ಮಿಕ್ಕು ಇದೆ. ಮೂಳೆ ಬಲಿಯಬೇಕಾದ ಮಕ್ಕಳಿಗೂ, ಮೂಳೆ ಸವೆಯುವ ವಯಸ್ಸಿನ ತಾಯಂದಿರಿಗೂ ಈ ಅಂತರ ಸಣ್ಣದಲ್ಲ.

ರಾಗಿಯನ್ನು ಕೈಬಿಡಬಾರದೆಂಬ ಛಲವೂ ಇದೇ ಮಂಡ್ಯದಲ್ಲಿ ಹುಟ್ಟಿತೆಂಬುದನ್ನು ಹೇಳದೆ ಮುಂದುವರಿಯಲಾರೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು, ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಬೆರಸುವ ಕಾರ್ಯಕ್ಕೆ ಜೀವಮಾನವನ್ನೇ ಸವೆಸಿದರು. ರಾಗಿಯ ಹೂವು ಎಷ್ಟು ಸೂಕ್ಷ್ಮವೆಂದರೆ ಅದರ ಸಂಕರವನ್ನು ಕೈಯಿಂದ ಮಾಡುವುದು ಅಸಾಧ್ಯಪ್ರಾಯವೆಂದು ಭಾವಿಸಲಾಗಿತ್ತು. ಅವರು ಪಡೆದ ತಳಿಗಳಿಗೆ ಇಂಡಿಯಾ, ಆಫ್ರಿಕಗಳ ಹೆಸರುಗಳನ್ನು ಕೂಡಿಸಿ ಇಂಡಾಫ್ ಎಂದು ಹೆಸರಾಯಿತು, ಅವರಿಗೆ ರಾಗಿ ಲಕ್ಷ್ಮಣಯ್ಯನೆಂದೇ ಹೆಸರಾಯಿತು. ರೈತನ ಕಣದಲ್ಲಿ ರಾಗಿಯ ರಾಶಿ ಹಿಂದೆಂದೂ ಕಾಣದಷ್ಟು ಎತ್ತರವಾಯಿತು. ಕಾಳಿನ ಉತ್ಪತ್ತಿ ಹೆಚ್ಚಿದಮೇಲೂ ಅದು ನಮ್ಮ ತಟ್ಟೆಯಿಂದ ಮೆಲ್ಲಮೆಲ್ಲನೆ ಸರಿಯಿತೆಂಬುದು ನಮ್ಮದೇ ತಪ್ಪು.

ಹಾಗೆಂದು ರಾಗಿಯನ್ನು ಸಂಜೀವಿನಿಯೆಂದು ಸಾರುವವರೊಡನೆಯೂ ನಾನು ಸೇರಲಾರೆ. "ಮುದ್ದೆ ಉಂಡರೆ ಶುಗರ್ ಬರುವುದಿಲ್ಲ" ಎಂಬ ಮಾತು ಸತ್ಯವಲ್ಲ. ರಾಗಿಯೂ ಧಾನ್ಯವೇ, ಅದರಲ್ಲಿಯೂ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಶರ್ಕರಪಿಷ್ಟವೇ. ನೇಗಿಲು ಹಿಡಿದ ಅಜ್ಜ ಉಣ್ಣುತ್ತಿದ್ದ ಎರಡು ಮುದ್ದೆಯನ್ನು, ಮೋಟಾರ್ ಸೈಕಲ್ಲಿನ ಮೇಲೆ ಗದ್ದೆಗೆ ಹೋಗಿ ಬರುವ ಮೊಮ್ಮಗನೂ ಉಂಡರೆ, ಮುದ್ದೆಯೇ ಭಾರವಾಗುತ್ತದೆ. ಹಿಟ್ಟನ್ನು ಜರಡಿ ಹಿಡಿದು ನುಣ್ಣಗೆ ಮಾಡದೆ, ಮುದ್ದೆಯ ಗಾತ್ರವನ್ನು ಕಿರಿದು ಮಾಡಿ, ಸೊಪ್ಪನ್ನೂ ಕಾಳನ್ನೂ ಹಿರಿದು ಮಾಡಿದರೆ ಅದೇ ಊಟವು ಔಷಧವಾಗುತ್ತದೆ. ಬೆಲ್ಲದ ವಿಷಯದಲ್ಲಿ ನಮ್ಮವರಿಗಿರುವ ಮಮತೆಯೂ ಇಂಥದೇ. ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಾಕಿಕೊಂಡರೆ ದೋಷವಿಲ್ಲವೆಂದು ನಂಬಿ, ದಿನಕ್ಕೆ ಐದು ಲೋಟ ಬೆಲ್ಲದ ಟೀ ಕುಡಿಯುವ ರೋಗಿಗಳನ್ನು ನಾನು ಕಂಡಿದ್ದೇನೆ. ಬೆಲ್ಲವು ನಮ್ಮ ಬೆವರಿನ ಫಲವಾದುದರಿಂದ ಅದರ ಮೇಲೆ ನಮಗೆ ಪ್ರೀತಿ ಇರುವುದು ಸಹಜ. ರಕ್ತಕ್ಕೆ ಆ ಪ್ರೀತಿ ತಿಳಿಯದು.

ಅನ್ನದ ಬಳಿಕ ದುಡಿಮೆ. ಏತ ಎಳೆದು, ಕಪಿಲೆ ಹೊಡೆದು, ಗುದ್ದಲಿ ಹಿಡಿದು, ಕಣದಲ್ಲಿ ರೋಣಗಲ್ಲು ಹೊಡೆದು, ಮಂಡ್ಯದ ಸಂತೆಗೆ ನಡೆದೇ ಹೋಗಿ ಬರುತ್ತಿದ್ದ ತಲೆಮಾರು ವ್ಯಾಯಾಮವೆಂಬ ಶಬ್ದವನ್ನೇ ಕೇಳಿರಲಿಲ್ಲ. ಕೇಳಿದ್ದರೂ ಗರಡಿಮನೆಯ ಪೈಲ್ವಾನರಿಗೆ ಸಂಬಂಧಿಸಿದ್ದೆಂದು ತಿಳಿಯುತ್ತಿತ್ತು. ಆ ಕಾಲವು ಮರಳಿ ಬರಲೆಂದು ಹಾರೈಸುವುದು ನನ್ನ ಉದ್ದೇಶವಲ್ಲ. ಕೋಳಿ ಕೂಗುವ ಮುನ್ನ ಎದ್ದು ಬೀಸುಕಲ್ಲಿನ ಮುಂದೆ ಕುಳಿತು, ಹಾಡಿನಿಂದ ತೋಳಿನ ನೋವನ್ನು ಮರೆಯಲೆತ್ನಿಸುತ್ತಿದ್ದ ತಾಯಂದಿರು, ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದುದನ್ನು ಉಂಡು, ಬರಿಗಾಲಿನಲ್ಲಿ ಕೆಸರು ತುಳಿದು ಕೊಕ್ಕೆಹುಳುವನ್ನು ಮೈಗೆ ಹತ್ತಿಸಿಕೊಂಡು, ರಕ್ತವಿಲ್ಲದ ಬಿಳಿಚಿದ ಮುಖದಿಂದ ಹೆರಿಗೆಯ ಕೋಣೆಗೆ ಹೋಗುತ್ತಿದ್ದರು. ಎಷ್ಟೋ ಮಂದಿ ಮರಳಿ ಬರುತ್ತಿರಲಿಲ್ಲ. ಬೀಸುಕಲ್ಲು ಮೂಲೆ ಸೇರಿದುದು ಒಳ್ಳೆಯದಾಯಿತು. ಹಳೆಯ ದುಡಿಮೆಯ ಕ್ರೌರ್ಯವನ್ನು ಬಿಟ್ಟು ಅದರ ಚಲನೆಯನ್ನು ಉಳಿಸಿಕೊಳ್ಳಬಾರದೇಕೆ? ಮುಂಜಾನೆ ಅರ್ಧ ಗಂಟೆ ನಾಲೆಯ ಏರಿಯ ಮೇಲೆ ಬಿರುಸಾಗಿ ನಡೆಯಲು ಹಣ ಬೇಕಾಗಿಲ್ಲ. ಹೆಂಗಸರು ಹೀಗೆ ನಡೆಯಹೊರಟರೆ ಊರು ಏನೆನ್ನುವುದೋ ಎಂಬ ಸಂಕೋಚವೊಂದೇ ಅಡ್ಡಿ. ಆ ಸಂಕೋಚವನ್ನು ಕಳೆಯುವ ಹೊಣೆ ಗಂಡಸರದು.

ನಿದ್ರೆಯ ಮಾತನ್ನು ಆರೋಗ್ಯದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಾಲೆಯ ಕೊನೆಯ ಭಾಗದ ರೈತನಿಗೆ ಅದು ಒಂದು ಸಾಲಿನ ವಿಷಯವಲ್ಲ. ತೂಬಿನ ಸರದಿ ರಾತ್ರಿ ಬಂದರೆ ರಾತ್ರಿಯೇ ಎದ್ದು ಹೋಗಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ, ಕೈಯಲ್ಲಿ ಬ್ಯಾಟರಿ ಹಿಡಿದು, ಹಾವುಹುಳುಗಳ ಭಯವನ್ನು ನುಂಗಿಕೊಂಡು ಕಬ್ಬಿನ ನಡುವೆ ನಡೆಯಬೇಕು. ಹೀಗೆ ವರ್ಷಾನುಗಟ್ಟಲೆ ನಿದ್ರೆಗೆಟ್ಟವನಿಗೆ ರಕ್ತದ ಒತ್ತಡವೇರಿದರೆ, ಅವನು ಉಪ್ಪಿನಕಾಯಿಯನ್ನು ಬಿಡಲಿಲ್ಲವೆಂದು ಗದರುವುದರಿಂದ ಪ್ರಯೋಜನವೇನು? ಉಪ್ಪು ದಿನಕ್ಕೆ ಐದು ಗ್ರಾಮಿಗೆ, ಅಂದರೆ ಒಂದು ಟೀ ಚಮಚೆಗೆ ಮೀರಬಾರದೆಂಬುದು ನಿಜ. ಆದರೆ ಹಗಲಿನಲ್ಲಿ ಕರೆಂಟು ಕೊಡುವುದೂ ರೈತನ ರಕ್ತದೊತ್ತಡಕ್ಕೆ ಒಂದು ಚಿಕಿತ್ಸೆಯೆಂಬುದನ್ನು ವಿದ್ಯುತ್ ಇಲಾಖೆಯವರು ಒಪ್ಪುವ ದಿನ ಬರಬೇಕು. ನೀರುಗಂಟಿಯಿಂದ ಇಂಜಿನಿಯರವರೆಗೆ ಎಲ್ಲರೂ ಮಲೇರಿಯಾದ ವೈದ್ಯರಾಗಿದ್ದ ಕಾಲವನ್ನು ನಾವು ಕಂಡಿಲ್ಲವೇ?

ಇನ್ನು ಮನಸ್ಸು. ದೇಹವನ್ನು ಕುರಿತು ಇಷ್ಟು ಮಾತನಾಡುವ ನಾವು ಮನಸ್ಸಿನ ಬಾಗಿಲಿಗೆ ಬಂದೊಡನೆ ದನಿ ತಗ್ಗಿಸುತ್ತೇವೆ. 2015ರಲ್ಲಿ ಕಬ್ಬಿನ ಬಾಕಿ ಹಣ ಕೈಸೇರದೆ, ಸಾಲದ ಬಡ್ಡಿ ಬೆಳೆದು, ಮಂಡ್ಯ ಜಿಲ್ಲೆಯ ಅನೇಕ ರೈತರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಕಬ್ಬು ನಿಂತೇ ಇತ್ತು, ಬೆಳೆದವನು ಇರಲಿಲ್ಲ. ಆ ಸಾವುಗಳಿಗೆ ಬೆಲೆ, ಸಾಲ, ಬರ ಮುಂತಾದ ಕಾರಣಗಳಿದ್ದುವು. ಅವನ್ನು ಮನೋವೈದ್ಯನೊಬ್ಬನು ಪರಿಹರಿಸಲಾರನು. ಆದರೂ, ಆ ಕೊನೆಯ ವಾರಗಳಲ್ಲಿ, ಊಟ ಸೇರದೆ, ಮಾತು ನಿಂತು, ರಾತ್ರಿಯೆಲ್ಲ ಜಗಲಿಯ ಮೇಲೆ ಕುಳಿತಿರುತ್ತಿದ್ದ ಮನುಷ್ಯನನ್ನು ಕಂಡು, "ಏನಣ್ಣ, ಯಾಕೆ ಹಿಂಗಿದ್ದೀಯ?" ಎಂದು ಕೇಳಿ, ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವವರೊಬ್ಬರು ಇದ್ದಿದ್ದರೆ ಕೆಲವರಾದರೂ ಉಳಿಯುತ್ತಿದ್ದರೆಂದು ನಾನು ದೃಢವಾಗಿ ನಂಬಿದ್ದೇನೆ. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಗಳಿಂದ ಹೊರತಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡರು; ಇಡೀ ದೇಶವು ಆ ಮಾದರಿಯನ್ನು ಅನುಸರಿಸಿತು. ಇಂದು 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಿಯಾದರೂ, ಹಣ ಕೊಡದೆ ಫೋನು ಮಾಡಿ ಕನ್ನಡದಲ್ಲಿಯೇ ತಮ್ಮ ದುಃಖವನ್ನು ಹೇಳಿಕೊಳ್ಳಬಹುದು. ಈ ಸಂಖ್ಯೆಯನ್ನು ಮತ್ತೊಮ್ಮೆ ಹೇಳುತ್ತೇನೆ, ದಯವಿಟ್ಟು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: 14416.

ದೇಹ, ಇಂದ್ರಿಯ, ಮನಸ್ಸು, ಆತ್ಮಗಳನ್ನು ಬೇರೆಬೇರೆಯಾಗಿ ನೋಡದೆ, ಜಠರಾಗ್ನಿಯು ಸಮವಾಗಿರುವುದನ್ನೂ ಮನಸ್ಸು ಪ್ರಸನ್ನವಾಗಿರುವುದನ್ನೂ ಒಂದೇ ಉಸಿರಿನಲ್ಲಿ ಹೇಳಿ, ಇವೆಲ್ಲವೂ ಕೂಡಿದವನನ್ನು ಮಾತ್ರ ಸ್ವಸ್ಥನೆಂದು ಕರೆದವರು ನಮ್ಮ ಸುಶ್ರುತಾಚಾರ್ಯರು. ರೋಗವಿಲ್ಲದಿರುವುದು ಮಾತ್ರವೇ ಆರೋಗ್ಯವಲ್ಲವೆಂದು ಸಾರುವ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು 1948ರಲ್ಲಿ ಜಾರಿಗೆ ಬಂದಾಗ, ಆ ಮಾತು ನಮಗೆ ಅಪರಿಚಿತವೆನಿಸಬೇಕಾಗಿರಲಿಲ್ಲ. ಈ ಸ್ವಾಸ್ಥ್ಯದ ಬದುಕಿಗೆ ನಿದರ್ಶನ ಬೇಕಾದರೆ, ನಮ್ಮ ನಾಲೆಗೆ ಹೆಸರು ಕೊಟ್ಟ ವಿಶ್ವೇಶ್ವರಯ್ಯನವರೇ ಇದ್ದಾರೆ. ಮಿತವಾದ ಆಹಾರ, ತಪ್ಪದ ನಡಿಗೆ, ಗಡಿಯಾರಕ್ಕೆ ಕಟ್ಟಿದ ದಿನಚರಿ, ಕೊನೆಯವರೆಗೂ ಬಿಡದ ಕಾರ್ಯಾಸಕ್ತಿ, ಇವುಗಳೊಡನೆ ನೂರು ವರ್ಷ ತುಂಬಿ 1962ರಲ್ಲಿ ಅವರು ಕಣ್ಣು ಮುಚ್ಚಿದರು. ಎಲ್ಲರಿಗೂ ನೂರು ವರ್ಷ ದೊರೆಯದು; ದುಡಿಮೆಯ ನಡುವೆ ವಿಶ್ರಾಂತಿಯನ್ನಾದರೂ ಎಲ್ಲರೂ ಪಡೆಯಬಹುದು. 1927ರಲ್ಲಿ ರಕ್ತದ ಒತ್ತಡದಿಂದ ಬಳಲಿದ ಗಾಂಧೀಜಿಯವರು ನಮ್ಮ ನಂದಿಬೆಟ್ಟಕ್ಕೆ ಬಂದು, ಅಷ್ಟು ದೊಡ್ಡ ದೇಶದ ಭಾರವನ್ನು ಕೆಲವು ವಾರ ಕೆಳಗಿಳಿಸಿ ವಿಶ್ರಮಿಸಿದರು. ಅವರಿಗೆ ಬೇಕಾದ ವಿಶ್ರಾಂತಿ ನಮ್ಮ ಮನೆಯ ಭಾರ ಹೊತ್ತ ಹಿರಿಯ ಮಗನಿಗೆ ಬೇಡವೇ?

ಇವೆಲ್ಲ ಬರಿಯ ಉಪದೇಶವೆಂದೂ, ಹಣೆಯಲ್ಲಿ ಬರೆದಿದ್ದರೆ ರೋಗ ಬಂದೇ ಬರುವುದೆಂದೂ ಹೇಳುವವರುಂಟು. ಅವರಿಗೆ ನೆರೆಯ ಚೆನ್ನೈ ನಗರದ ಒಂದು ಪರೀಕ್ಷೆಯನ್ನು ನೆನಪಿಸಬೇಕು. ಅಲ್ಲಿಯ ವೈದ್ಯರಾದ ಎ. ರಾಮಚಂದ್ರನ್ ಅವರೂ ಸಹೋದ್ಯೋಗಿಗಳೂ, ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನು ಆರಿಸಿ ಮೂರು ವರ್ಷಗಳ ಕಾಲ ಗಮನಿಸಿದರು. ಕೆಲವರಿಗೆ ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ, ಸಕ್ಕರೆ ಎಣ್ಣೆಗಳ ಮಿತಿ, ಇಷ್ಟನ್ನೇ ಕಲಿಸಿದರು. ಕೆಲವರಿಗೆ ಮಾತ್ರೆ ಕೊಟ್ಟರು. ಕೆಲವರಿಗೆ ಎರಡನ್ನೂ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಇವಾವುದೂ ಇಲ್ಲದವರಿಗೆ ಹೋಲಿಸಿದರೆ, ನಡೆದು ಮಿತವಾಗಿ ಉಂಡವರಲ್ಲಿ ರೋಗದ ಸಂಭವವು ನೂರಕ್ಕೆ 28.5ರಷ್ಟು ಇಳಿಯಿತು. ಮಾತ್ರೆ ನುಂಗಿದವರಲ್ಲಿ ಇಳಿದುದು ಹೆಚ್ಚುಕಡಿಮೆ ಅಷ್ಟೇ, ಎರಡನ್ನೂ ಮಾಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಈಗಾಗಲೇ ರೋಗ ಬಂದವರು ಇದನ್ನು ಕೇಳಿ ಮಾತ್ರೆಯನ್ನು ನಿಲ್ಲಿಸಬಾರದು, ಅದು ಅಪಾಯಕರ. ಇನ್ನೂ ಬಾರದವರಿಗೆ ಮಾತ್ರ, ಕಾಸು ಖರ್ಚಿಲ್ಲದ ನಡಿಗೆಯೂ ಮಿತವಾದ ಊಟವೂ ಮಾತ್ರೆಗೆ ಸಮನಾಗಿ ನಿಂತುವೆಂಬುದಕ್ಕಿಂತ ಶುಭವಾರ್ತೆ ಯಾವುದಿದೆ?

ಆದರೆ ಒಬ್ಬನೇ ನಡೆದು, ಒಬ್ಬನೇ ಮಿತವಾಗಿ ಉಂಡು ಉಳಿಯುವುದು ಕಷ್ಟ. ಮಲೇರಿಯಾದ ಕಾಲದಲ್ಲಿ ಒಬ್ಬನು ತನ್ನ ಹಿತ್ತಿಲಿನ ಗುಂಡಿಯನ್ನು ಮುಚ್ಚಿ, ನೆರೆಯವನು ಮುಚ್ಚದಿದ್ದರೆ, ಸೊಳ್ಳೆಯು ಬೇಲಿಯನ್ನು ಲೆಕ್ಕಿಸುತ್ತಿರಲಿಲ್ಲ. ಈಗಿನ ವ್ಯಾಧಿಗಳಿಗೂ ಬೇಲಿಯಿಲ್ಲ. ಅವು ನಮ್ಮ ಆದರ, ಆತಿಥ್ಯ, ಹಬ್ಬಗಳ ದಾರಿಯಿಂದಲೇ ಬರುತ್ತವೆ. ಮನೆಗೆ ಬಂದವರಿಗೆ ಮೂರು ಚಮಚೆ ಸಕ್ಕರೆಯ ಟೀ ಕೊಡದಿದ್ದರೆ ಜಿಪುಣರೆನ್ನುತ್ತಾರೆ. ಸಾಕೆಂದು ಕೈ ಅಡ್ಡ ಹಿಡಿದರೂ "ಅಯ್ಯೋ, ಇನ್ನೊಂದು ತುತ್ತು ಇಕ್ಕಿಸ್ಕೊಳಿ" ಎಂದು ಬಡಿಸದಿದ್ದರೆ ಮನೆಯಾಕೆಗೆ ಸಮಾಧಾನವಿಲ್ಲ. ಎಲೆಯಡಿಕೆಯ ತಟ್ಟೆಯಲ್ಲಿ ಹೊಗೆಸೊಪ್ಪು ಇಲ್ಲದಿದ್ದರೆ ಹಿರಿಯರಿಗೆ ಮರ್ಯಾದೆಯಾಗಲಿಲ್ಲವೆನಿಸುತ್ತದೆ. ಈ ಪ್ರೀತಿಯನ್ನು ಬಿಡಿರೆಂದು ಹೇಳಲು ನನಗೆ ಬಾಯಿ ಬಾರದು. ಅದರ ರೂಪವನ್ನು ಬದಲಿಸಿರೆಂದು ಮಾತ್ರ ಬೇಡುತ್ತೇನೆ. ಬಂದವರಿಗೆ ಮಜ್ಜಿಗೆಯನ್ನೋ ಎಳನೀರನ್ನೋ ಕೊಡುವುದು ಈ ತೆಂಗಿನ ನಾಡಿಗೆ ಅಸಾಧ್ಯವೇ? ಮದುವೆಯ ಎಲೆಯ ಮೇಲೆ ನಾಲ್ಕು ಬಗೆಯ ಸಿಹಿಯ ಬದಲು ಒಂದು ಸಿಹಿ, ಒಂದು ಕೋಸಂಬರಿ ಹೆಚ್ಚಾದರೆ ಗೌರವ ಕುಗ್ಗುವುದೇ? ಶಾಲೆಯ ಮೈದಾನದಲ್ಲಿ ಸಂಜೆ ಕಬಡ್ಡಿಯ ಗೆರೆ ಎಳೆದರೆ, ಹಬ್ಬದಲ್ಲಿ ಕೋಲಾಟದ ಕೋಲು ಮತ್ತೆ ಹೊರಬಂದರೆ, ಮುದುಕರೂ ಮಕ್ಕಳೂ ಬೆರೆಯುವ ಆ ಹೊತ್ತು ದೇಹಕ್ಕೆಷ್ಟು ಹಿತವೋ ಒಂಟಿತನಕ್ಕೂ ಅಷ್ಟೇ ಮದ್ದು. ಗ್ರಾಮಸಭೆಯಲ್ಲಿ ಚರಂಡಿ, ರಸ್ತೆ, ದೀಪಗಳ ಮಾತಿನೊಡನೆ ಊರಿನ ಎಷ್ಟು ಮಂದಿಗೆ ರಕ್ತದ ಒತ್ತಡವಿದೆ, ಎಷ್ಟು ಮಂದಿ ಪರೀಕ್ಷೆಯನ್ನೇ ಮಾಡಿಸಿಲ್ಲ ಎಂಬ ಲೆಕ್ಕವೂ ಬರಬೇಕು. ಒಂದು ಕಾಲದಲ್ಲಿ ಮಕ್ಕಳ ಪಕ್ಕೆಯನ್ನು ಒತ್ತಿ ಊರಿನ ಆರೋಗ್ಯವನ್ನು ಅಳೆದ ಈ ಜಿಲ್ಲೆಗೆ ಅದು ಹೊಸ ವಿದ್ಯೆಯಲ್ಲ.

ನನಗೆ ಕೊಟ್ಟ ಕಾಲ ಮುಗಿಯುತ್ತ ಬಂದಿತು. ಕೆರಗೋಡಿನ, ಮಂಡ್ಯದ, ಮದ್ದೂರು ಮಳವಳ್ಳಿಗಳ ನನ್ನ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಪರೀಕ್ಷಿಸುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆ ಈ ಮಾತನ್ನು ಹೇಳಲು ಬಾಗಿಲಿಗೆ ಬಂದಾಗ, "ನಂಗೇನಾಗೈತೆ, ಗುಂಡುಕಲ್ಲಿನ ಹಂಗಿದ್ದೀನಿ" ಎಂದು ಹಿಂದಿರುಗಿಸಬೇಡಿ. ಏನೂ ಆಗಿಲ್ಲದಿರುವಾಗಲೇ ಹೋಗಬೇಕಾದ ಜಾಗ ಅದು. ಈ ವಾರದಲ್ಲಿ ಒಂದು ಬೆಳಗಿನ ಹೊತ್ತು, ಏನನ್ನೂ ತಿನ್ನದೆ, ಮನೆಯಾಕೆಯನ್ನೂ ಕರೆದುಕೊಂಡು, ಸಾಧ್ಯವಾದಷ್ಟು ದೂರ ನಡೆದುಕೊಂಡೇ ಹೋಗಿ ಬನ್ನಿ.